ಅವರ ನಂಬರಿಗೆ ಹೋದ ಓಟಿಪಿ

"ಹಲೋ..."

ಒಂದೇ ಒಂದು ಮಾತು. ಗಂಡಸಿನ ದನಿ.

ಲತಾಮಣಿಯ ಎದೆ ಧಸಕ್ಕೆಂದಿತು. ಆ ನಂಬರಿಗೆ ಅವಳು ಫೋನ್ ಮಾಡಿ ಎರಡು ವರ್ಷವಾಗಿತ್ತು. ಗಂಡ ಸುಭಾಷ್ ತೀರಿಹೋದ ಹೊಸದರಲ್ಲಿ ದಿನಕ್ಕೆ ಹತ್ತು ಸಲ ಮಾಡುತ್ತಿದ್ದಳು. ಸ್ವಿಚ್ಡ್ ಆಫ್ ಎಂದು ಹೇಳುವ ಹೆಂಗಸಿನ ದನಿ ಕೇಳಿ ಇಟ್ಟುಬಿಡುತ್ತಿದ್ದಳು. ಆಮೇಲೆ ಅದನ್ನೂ ನಿಲ್ಲಿಸಿದ್ದಳು.

ಇವತ್ತು ಯಾರೋ ಎತ್ತಿದ್ದಾರೆ! ಪರದೆಯ ಮೇಲೆ ಸುಭಾಷನ ಫೋಟೋ ನಗುತ್ತಿದೆ, ಒಳಗಿನಿಂದ ಇನ್ಯಾರೋ ಹಲೋ ಎನ್ನುತ್ತಿದ್ದಾರೆ...

ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಗಡಿಯಾರದಲ್ಲಿ ಎಂಟು ಗಂಟೆ ಒಂದು ನಿಮಿಷ.

"ಸಾರ್, ಈ ನಂಬರಿಗೆ ಈಗ ತಾನೇ ಒಂದು ಓಟಿಪಿ ಬಂದಿರುತ್ತೆ. ಸ್ವಲ್ಪ ಬೇಗ ಹೇಳ್ತೀರಾ? ಎರಡೇ ನಿಮಿಷ ಇರೋದು ಅದು."

ಆ ಕಡೆಯವನು ಸಿಡುಕಿದ.

"ಮೇಡಂ, ಬೆಳಬೆಳಗ್ಗೆ ಬೋಣಿ ಮಾಡೋಕೆ ನಾನೇ ಸಿಕ್ಕಿದ್ನಾ? ನಿಮ್ಮ ನಂಬರ್ ಪೊಲೀಸ್‌ಗೆ ಕೊಡ್ತೀನಿ ನೋಡಿ."

ಫೋನ್ ಕಟ್.

ಅವನದೇನೂ ತಪ್ಪಿಲ್ಲ ಬಿಡಿ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು, ಪೊಲೀಸಿನವರು, ಕೊನೆಗೆ ಪಕ್ಕದ ಮನೆಯವರೂ ಹೇಳಿ ಹೇಳಿ ಕಿವಿ ತೂತು ಮಾಡಿರುವ ಕಾಲ ಇದು. ಆದರೆ ಲತಾಮಣಿಯ ಕಷ್ಟ ಅವನಿಗೇನು ಗೊತ್ತು? ಪ್ರತಿ ಸೋಮವಾರ ಎಂಟಕ್ಕೆ ತೆರೆಯುವ ಆಸ್ಪತ್ರೆಯ ಆ್ಯಪ್‌ನಲ್ಲಿ, ಎಂಟು ಗಂಟೆ ನಾಲ್ಕು ನಿಮಿಷಕ್ಕೆಲ್ಲ ಡಾಕ್ಟರನ್ನು ಕಾಣುವ ಆ ವಾರದ ಜಾಗಗಳು ಭರ್ತಿಯಾದವು. ಅವಳು ಅಡುಗೆಮನೆಯ ನೆಲದ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದ ಕೋಣೆಯಲ್ಲಿ ಮಗಳು ಸಿರಿ ಟಿವಿಯನ್ನು ಬೀದಿಗೆಲ್ಲ ಕೇಳುವಷ್ಟು ಜೋರಾಗಿಟ್ಟುಕೊಂಡು, ಮತ್ತೂ ಹತ್ತಿರ ಹತ್ತಿರ ಸರಿಯುತ್ತಿದ್ದಳು.

ಸಿರಿಗೆ ಆರು ವರ್ಷ. ಕರೆದರೆ ತಿರುಗುವುದಿಲ್ಲ, ಹೇಳಿದ್ದನ್ನೇ ಹತ್ತು ಸಲ ಹೇಳಬೇಕು. ಮೊಂಡುತನ ಎಂದುಕೊಂಡು ಲತಾಮಣಿ ಒಂದು ದಿನ ಬೆನ್ನಿಗೆ ಎರಡೇಟು ಹಾಕಿದ್ದಳು. ಆಮೇಲೆ ಅವರ ಮನೆಯಿದ್ದ ಯಡಿಯೂರಿನ ಕ್ಲಿನಿಕ್ಕಿನ ಡಾಕ್ಟರು ನೋಡಿ, ಮಗುವಿನ ಎರಡೂ ಕಿವಿಯ ಪರದೆಯ ಹಿಂದೆ ನೀರು ನಿಂತಿರುವ ಹಾಗಿದೆ, ಅರ್ಧಕ್ಕರ್ಧ ಕೇಳಿಸುತ್ತಿಲ್ಲ, ದೊಡ್ಡ ಡಾಕ್ಟರಿಗೆ ತೋರಿಸಿ ಎಂದರು. ಆ ಎರಡೇಟು ಅವತ್ತಿನಿಂದ ತಾಯಿಯ ಎದೆಯಲ್ಲೇ ಕೂತಿದೆ. ಸಾಲದ್ದಕ್ಕೆ ಸ್ಕೂಲಿನವರು ಬೇರೆ, ಜೂನ್‌ನೊಳಗೆ ಸರಿಯಾಗದಿದ್ದರೆ ಒಂದನೇ ಕ್ಲಾಸಿಗೆ ತೆಗೆದುಕೊಳ್ಳುವುದಿಲ್ಲ, ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಿಸುತ್ತೇವೆ ಎಂದಿದ್ದರು.

ದೊಡ್ಡ ಡಾಕ್ಟರು ಇದ್ದದ್ದು ಜೆ.ಪಿ. ನಗರದ ಒಂದು ಮಕ್ಕಳ ಆಸ್ಪತ್ರೆಯಲ್ಲಿ. ಹೆಸರು ಯಾಕೆ ಬಿಡಿ. ಸಿರಿ ಹುಟ್ಟಿದಾಗಿನಿಂದ ಲಸಿಕೆ ಹಾಕಿಸಿದ್ದು ಅಲ್ಲೇ. ಲತಾಮಣಿ ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸದವಳು. ಅಲ್ಲಿ ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ಕ್ಯಾಶ್ ಕೌಂಟರಿನ ಡಬ್ಬದೊಳಗೆ. ಹಾಗಾಗಿ ಆಸ್ಪತ್ರೆಯ ಫೈಲಿನಲ್ಲಿ ಸುಭಾಷನ ನಂಬರನ್ನೇ ಕೊಟ್ಟಿದ್ದರು. ಈ ವರ್ಷ ಆಸ್ಪತ್ರೆಗೆ ಆ್ಯಪ್ ಬಂತು. ಏನು ಮಾಡಬೇಕಾದರೂ ಫೈಲಿನಲ್ಲಿರುವ ನಂಬರಿಗೆ ಓಟಿಪಿ. ನಂಬರ್ ಬದಲಾಯಿಸಿ ಎಂದರೆ ಅದಕ್ಕೂ ಹಳೆಯ ನಂಬರಿಗೇ ಓಟಿಪಿ! ಸತ್ತವರು ಓಟಿಪಿ ಹೇಳುತ್ತಾರಾ? ಲತಾಮಣಿ ಮರಣ ಪ್ರಮಾಣಪತ್ರ ಲಗತ್ತಿಸಿ ಎರಡು ಸಲ ಅರ್ಜಿ ಕೊಟ್ಟಿದ್ದಳು. ಪ್ರೋಸೆಸ್‌ನಲ್ಲಿದೆ ಎನ್ನುವ ಒಂದೇ ಉತ್ತರ ಒಂದೂವರೆ ತಿಂಗಳಿನಿಂದ ಬರುತ್ತಿತ್ತು.

ಕಣ್ಣೊರೆಸಿಕೊಂಡು ಸಿರಿಗೆ ಜಡೆ ಹಾಕುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ಮತ್ತೆ ಸುಭಾಷನ ಮುಖ. ಅವಳ ಕೈಯಿಂದ ಬಾಚಣಿಗೆ ಜಾರಿತು.

"ಮೇಡಂ, ನನ್ನ ಹೆಸರು ಸಿದ್ಧಾರ್ಥ. ಆಗಲೇ ಬೈದುಬಿಟ್ಟೆ, ಬೇಜಾರು ಮಾಡ್ಕೋಬೇಡಿ. ಮೆಸೇಜ್ ಈಗ ಓದಿದೆ. ಸಿರಿ ಅಂತ ಇದೆ... ಸಿರಿ ನಿಮ್ಮ ಮಗಳಾ?"

ಅವನು ಆ ಸಿಮ್ ತಗೊಂಡು ವರ್ಷದ ಮೇಲಾಗಿತ್ತಂತೆ. ಅವತ್ತಿನಿಂದಲೂ ಈ ಆಸ್ಪತ್ರೆಯ ಮೆಸೇಜುಗಳು ಬರುತ್ತಲೇ ಇದ್ದವಂತೆ. ಸಿರಿಗೆ ಲಸಿಕೆಯ ದಿನ ಬಂತು, ಸಿರಿಗೆ ಹುಟ್ಟುಹಬ್ಬದ ಶುಭಾಶಯ ಎಂದು. ಯಾರದೋ ಮಗು, ಚೆನ್ನಾಗಿರಲಿ ಎಂದುಕೊಂಡು ಅಳಿಸಿಹಾಕುತ್ತಿದ್ದನಂತೆ. ಇವತ್ತು ಆ ಮಗುವಿನ ಜಾಗವನ್ನು ತಾನೇ ಕಳೆದೆನಲ್ಲ ಎಂದು ಪೇಚಾಡಿಕೊಂಡ.

"ಮುಂಚೆ ಈ ನಂಬರ್ ಯಾರದು, ಮೇಡಂ?"

"ನಮ್ಮನೆಯವರದು." ಲತಾಮಣಿ ಬಾಚಣಿಗೆ ಎತ್ತಿಕೊಂಡಳು. "ಈಗಿಲ್ಲ ಅವರು."

ಸಿದ್ಧಾರ್ಥ ಅಯ್ಯೋ ಪಾಪ ಎನ್ನಲಿಲ್ಲ. ಹೇಗಾಯಿತು ಎಂದೂ ಕೇಳಲಿಲ್ಲ. ಮುಂದಿನ ಸೋಮವಾರ ಎಂಟಕ್ಕೆ ಐದು ನಿಮಿಷ ಇರುವಾಗಲೇ ಫೋನ್ ಕೈಯಲ್ಲಿ ಹಿಡಿದು ಕೂತಿರುತ್ತೇನೆ ಎಂದಷ್ಟೇ ಹೇಳಿದ.

ಕೂತಿದ್ದ ಕೂಡ! ಮುಂದಿನ ಸೋಮವಾರ ಎಂಟು ಗಂಟೆಗೆ ಅವನು ನಾಲ್ಕು ಅಂಕಿ ಓದಿದ, ಇವಳು ಒತ್ತಿದಳು, ಶನಿವಾರ ಒಂಬತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಲತಾಮಣಿ ಖುಷಿಗೆ ಥ್ಯಾಂಕ್ಸ್ ಹೇಳುವುದನ್ನೇ ಮರೆತಳು.

ಮನೆಯ ಓನರ್ ನೀಲಗಂಗಮ್ಮನಿಗೆ ಮಾತ್ರ ಇದು ಒಂಚೂರೂ ಹಿಡಿಸಲಿಲ್ಲ. ಕೆಳಗಿನ ಮನೆಯಲ್ಲಿದ್ದು ಮಧ್ಯಾಹ್ನ ಸಿರಿಯನ್ನು ನೋಡಿಕೊಳ್ಳುತ್ತಿದ್ದ ಒಳ್ಳೆಯ ಜೀವ ಅದು, ಆದರೆ ಬಾಯಿಗೆ ಬೀಗವಿಲ್ಲ. ಗುರುತಿಲ್ಲ ಪರಿಚಯವಿಲ್ಲ, ಯಾವ ಗಂಡಸು ಸುಮ್ಮಸುಮ್ಮನೆ ಇಷ್ಟು ಮಾಡುತ್ತಾನೆ, ನಾಳೆ ಕೈಕೊಡುತ್ತಾನೆ ನೋಡು ಎಂದು ಶನಿವಾರದವರೆಗೂ ಹೇಳಿದರು.

ಶನಿವಾರ ಕೈಕೊಟ್ಟಿದ್ದು ಆಸ್ಪತ್ರೆ. ಹತ್ತಾದರೂ ಸಿರಿಯನ್ನು ಒಳಗೆ ಕರೆಯಲಿಲ್ಲ. ಕೇಳಿದರೆ, ಡಾಕ್ಟರು ರಜೆ, ನಿಮಗೆ ಮೊದಲೇ ಮೆಸೇಜ್ ಕಳಿಸಿದ್ದೇವಲ್ಲ ಎಂದು ಡೆಸ್ಕಿನ ಹುಡುಗಿ ತಲೆ ಎತ್ತದೆ ಹೇಳಿದಳು. ಮತ್ತೆ ಸೋಮವಾರ ಎಂಟಕ್ಕೆ ಆ್ಯಪ್‌ನಲ್ಲೇ ನೋಡಬೇಕಂತೆ. ಅಂಗಡಿಯಲ್ಲಿ ಕಾಡಿಬೇಡಿ ಪಡೆದ ಅರ್ಧ ದಿನದ ರಜೆ ಮಣ್ಣುಪಾಲು. ಅಷ್ಟರಲ್ಲಿ ಸಿದ್ಧಾರ್ಥನೇ ಫೋನ್ ಮಾಡಿದ. ಮೆಸೇಜ್ ಈಗಷ್ಟೇ ನೋಡಿದೆ, ನೀವು ಅಲ್ಲೇ ಇರಿ, ನಾನು ಇಲ್ಲೇ ಹತ್ತಿರ ಬಿಟಿಎಂ ಲೇಔಟ್‌ನಲ್ಲಿದ್ದೇನೆ, ಬರುತ್ತೇನೆ ಎಂದ.

ಇಪ್ಪತ್ತೈದು ನಿಮಿಷಕ್ಕೆ ಬಂದ. ಮೊಣಕೈಗೆ ಗ್ರೀಸ್, ಹೆಗಲಲ್ಲಿ ಟೂಲ್ಸ್ ಚೀಲ, ಕೈಯಲ್ಲಿ ಹೆಲ್ಮೆಟ್. ಲಿಫ್ಟ್ ರಿಪೇರಿ ಮಾಡುವವನು ಅವನು. ಜೋರು ಮಾಡಲಿಲ್ಲ. ಫೋನನ್ನು ಡೆಸ್ಕಿನ ಮೇಲಿಟ್ಟು, ಮೆಸೇಜ್ ಬಂದಿರುವುದು ಒಂಬತ್ತು ನಲವತ್ತಕ್ಕೆ, ಅಪಾಯಿಂಟ್‌ಮೆಂಟ್ ಇದ್ದದ್ದು ಒಂಬತ್ತಕ್ಕೆ, ಇದು ಯಾವ ಲೆಕ್ಕದ ಮೊದಲು ಎಂದು ಕೇಳಿದ. ಡೆಸ್ಕಿನ ಹುಡುಗಿ ಒಳಗೆ ಹೋಗಿ ಬಂದು ಮಂಗಳವಾರಕ್ಕೆ ಬರೆದುಕೊಟ್ಟಳು. ಹೇಗೂ ಹಳೆಯ ನಂಬರಿನವರೇ ಬಂದಿದ್ದಾರೆ, ಈಗಲೇ ನಂಬರ್ ಬದಲಾಯಿಸಿ ಎಂದು ಲತಾಮಣಿ ಕೇಳಿಕೊಂಡಳು. ಆಗುವುದಿಲ್ಲವಂತೆ. ಅರ್ಜಿ ಪ್ರೋಸೆಸ್‌ನಲ್ಲಿರುವಾಗ ಫೈಲಿಗೆ ಕೈಹಾಕುವ ಹಾಗಿಲ್ಲವಂತೆ. ಇದಕ್ಕೆ ನಗುವುದೋ ಅಳುವುದೋ ನೀವೇ ಹೇಳಿ.

ಸಿರಿ ಅವನನ್ನೇ ನೋಡುತ್ತಿದ್ದಳು. ಅವನು ಅವಳೆದುರು ಮಂಡಿಯೂರಿ ಕೂತ. ಲಿಫ್ಟಿನ ಮೆಷಿನ್ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳದು, ಹಾಗಾಗಿ ಆ ಕೆಲಸದವರು ಕೈಯಲ್ಲೇ ಮಾತಾಡಿಕೊಳ್ಳುತ್ತಾರೆ. ಹೆಬ್ಬೆರಳು ಎತ್ತಿದರೆ ಮೇಲೆ, ಇಳಿಸಿದರೆ ಕೆಳಗೆ, ಮುಷ್ಟಿ ಹಿಡಿದರೆ ನಿಲ್ಲಿಸು. ಐದು ನಿಮಿಷದಲ್ಲಿ ಸಿರಿ ಮೂರನ್ನೂ ಕಲಿತು, ಕುರ್ಚಿಯ ಮೇಲೆ ಹತ್ತಿ ಇಳಿದು ಕಿಲಕಿಲ ನಕ್ಕಳು. ಕೇಳಿಸದ ಮಗುವಿನ ಮುಖಕ್ಕೆ ಮುಖ ಕೊಟ್ಟು, ಗಂಟಲು ಹರಿದುಕೊಳ್ಳದೆ ಮಾತಾಡಿದ ಮೊದಲನೆಯ ಮನುಷ್ಯ ಅವನು. ತಾನೇ ಎಷ್ಟು ದಿನದಿಂದ ಮಗಳ ಹತ್ತಿರ ಬರೀ ಕಿರುಚುತ್ತಿದ್ದೇನೆ ಎಂದು ಲತಾಮಣಿಗೆ ಆಗ ಹೊಳೆಯಿತು.

ಅವತ್ತು ಸಂಜೆ ಅವಳು ಫೋನಿನಲ್ಲಿ ಆ ನಂಬರಿನ ಹೆಸರು ಬದಲಾಯಿಸಿದಳು. ಸುಭಾಷನ ಫೋಟೋವನ್ನು ತೆಗೆದು ಆಲ್ಬಮ್ಮಿನಲ್ಲಿ ಜೋಪಾನ ಮಾಡಿದಳು. ತುಂಬ ಹೊತ್ತು ಅತ್ತಳು. ಆದರೆ ಅದು ಅವತ್ತಿನ ಅಡುಗೆಮನೆಯ ಅಳುವಲ್ಲ, ಸ್ವಲ್ಪ ಹಗುರವಾದ ಅಳು.

ಮಂಗಳವಾರ ದೊಡ್ಡ ಡಾಕ್ಟರು ನೋಡಿದರು. ಕಿವಿ ಪರೀಕ್ಷೆಯೂ ಅವತ್ತೇ ಆಯಿತು. ಸಣ್ಣ ಆಪರೇಷನ್, ಪರದೆಗೆ ಒಂದೊಂದು ಪುಟ್ಟ ಕೊಳವೆ ಕೂರಿಸಿದರೆ ನೀರು ಇಳಿಯುತ್ತದೆ, ಅವತ್ತೇ ಮನೆಗೆ ಹೋಗಬಹುದು ಎಂದರು. ಮೂರೂವರೆ ವಾರ ಬಿಟ್ಟು ಒಂದು ಶನಿವಾರ ದಿನ ಕೊಟ್ಟರು. ಪರೀಕ್ಷೆಯ ರಿಪೋರ್ಟ್ ಒಂದು ತಿಂಗಳೊಳಗಿನದೇ ಇರಬೇಕು ಎಂದೂ ಹೇಳಿದರು.

ಆ ಮೂರೂವರೆ ವಾರ... ಏನು ಹೇಳಲಿ!

ರಿಪೋರ್ಟ್ ನೋಡಲು ಓಟಿಪಿ, ರಕ್ತಪರೀಕ್ಷೆಗೆ ಓಟಿಪಿ, ಅರಿವಳಿಕೆ ಡಾಕ್ಟರನ್ನು ಕಾಣಲು ಓಟಿಪಿ. ಪ್ರತಿಯೊಂದಕ್ಕೂ ಸಿದ್ಧಾರ್ಥ. ಲಿಫ್ಟಿನ ತಳದ ಹಳ್ಳಕ್ಕೆ ಇಳಿದರೆ ಅಲ್ಲಿ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಇಳಿಯುವ ಮುಂಚೆ, ಇಷ್ಟರಿಂದ ಇಷ್ಟು ಹೊತ್ತು ಸಿಗುವುದಿಲ್ಲ ಎಂದು ಮೆಸೇಜ್ ಹಾಕುತ್ತಿದ್ದ. ಹತ್ತಿದ ಮೇಲೆ, ಬಂದೆ ಎಂದು ಇನ್ನೊಂದು. ಅಂಗಡಿಯ ಡಬ್ಬದಿಂದ ಸಂಜೆ ಫೋನ್ ತೆಗೆದ ತಕ್ಷಣ ಲತಾಮಣಿ ಹುಡುಕುತ್ತಿದ್ದದ್ದು ಆ ಎರಡನೆಯ ಮೆಸೇಜನ್ನು. ಅದು ಕಂಡರೆ ಮನಸ್ಸಿಗೆ ಸಮಾಧಾನ. ಕಾಣದಿದ್ದ ದಿನ ಬಸ್ಸಿನಲ್ಲಿ ಯಡಿಯೂರು ಬರುವಷ್ಟರಲ್ಲಿ ಅವಳ ಕೈಯೆಲ್ಲ ಬೆವರು.

'ಇದೇನಾಗ್ತಿದೆ ನಂಗೆ? ಬೇಡ, ಲತಾ. ಇದೆಲ್ಲ ನಿನಗೆ ಬೇಡ...' ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡ ಮೇಲೆ ಮತ್ತೊಂದು ಸಲ ಫೋನ್ ನೋಡುತ್ತಿದ್ದಳು.

ಒಂದು ದಿನ ಮಾತಿನ ಮಧ್ಯೆ ಅವನು, ಅಮ್ಮ ಹೆಣ್ಣು ನೋಡುತ್ತಿದ್ದಾರೆ, ಆಪರೇಷನ್ ಆದ ಮಾರನೆಯ ದಿನ, ಭಾನುವಾರ, ಹೆಣ್ಣಿನ ಕಡೆಯವರು ಯಾರೋ ಮನೆಗೆ ಬರುತ್ತಾರಂತೆ ಎಂದ. ಹೇಳುವಾಗ ಅವನ ದನಿಯಲ್ಲಿ ಏನೋ ಕಾಯುವಿಕೆಯಿತ್ತು. ಇವಳು ಏನಾದರೂ ಅನ್ನಲಿ ಎಂದು. ಇವಳು, ಒಳ್ಳೆಯದಾಯಿತಲ್ಲ ಎಂದು ಹೇಳಿ, ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟಳು. ಇಬ್ಬರೂ ಮೂರ್ಖರು, ಇನ್ನೇನನ್ನಲಿ.

ಈಗ ಅಣ್ಣಮ್ಮನ ವಿಷಯಕ್ಕೆ ಬರೋಣ. ಸಿದ್ಧಾರ್ಥನ ತಾಯಿ, ಚಿಕ್ಕಲಸಂದ್ರ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ಆಪರೇಷನ್ನಿನ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ, ಮಗ ಸ್ನಾನಕ್ಕೆ ಹೋಗಿದ್ದ. ಫೋನ್ ಬಡಿದುಕೊಂಡಿತು. ಅಣ್ಣಮ್ಮ ಎತ್ತಿದರು. ಒಳಗಿನಿಂದ ಆಸ್ಪತ್ರೆಯ ಮೆಷಿನ್ ದನಿ ನಯವಾಗಿ ಹೇಳಿತು... ಪ್ರಿಯ ತಂದೆಯವರೇ, ನಿಮ್ಮ ಮಗಳು ಸಿರಿಯ ಶಸ್ತ್ರಚಿಕಿತ್ಸೆ ನಾಳೆ ಬೆಳಿಗ್ಗೆ ಇದೆ, ಖಚಿತಪಡಿಸಲು ಒಂದು ಒತ್ತಿ, ರದ್ದುಪಡಿಸಲು ಎರಡು ಒತ್ತಿ.

ಅಣ್ಣಮ್ಮನಿಗೆ ನಿಂತ ನೆಲ ಕುಸಿದ ಹಾಗಾಯಿತು. ತಂದೆಯವರೇ? ನಿಮ್ಮ ಮಗಳು? ಮದುವೆಯೇ ಆಗದ ತನ್ನ ಮಗನಿಗೆ ಮಗಳೆಲ್ಲಿಂದ ಬಂದಳು! ನಾಡಿದ್ದು ಹೆಣ್ಣಿನ ಕಡೆಯವರು ಬರುವ ಹೊತ್ತಿಗೆ ಇದೊಂದು ಹೊರಗೆ ಬಿದ್ದರೆ?

ಅವರ ಬೆರಳು ಎರಡರ ಮೇಲೆ ಹೋಯಿತು. ಒತ್ತಿಯೇಬಿಟ್ಟಿತು. ಮಗ ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಫೋನ್ ಮೊದಲಿದ್ದ ಜಾಗದಲ್ಲೇ ಇತ್ತು. ಅಣ್ಣಮ್ಮ ಬಾಯಿ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಆರಕ್ಕೆಲ್ಲ ಲತಾಮಣಿ ಸಿರಿಯನ್ನು ಎತ್ತಿಕೊಂಡು ಆಸ್ಪತ್ರೆಯಲ್ಲಿದ್ದಳು. ಮಗು ಖಾಲಿಹೊಟ್ಟೆಯಲ್ಲಿರಬೇಕು. ಹಾಲು ಬೇಕು ಎಂದು ದಾರಿಯುದ್ದ ಅತ್ತು, ಈಗ ಸುಸ್ತಾಗಿ ಅವಳ ಭುಜಕ್ಕೆ ಒರಗಿತ್ತು. ಎಂಟಾಯಿತು. ಎಂಟೂವರೆಯಾಯಿತು. ಡೆಸ್ಕಿನವಳು ಕಂಪ್ಯೂಟರ್ ನೋಡಿ, ನಿಮ್ಮದು ನಿನ್ನೆಯೇ ಕ್ಯಾನ್ಸಲ್ ಆಗಿದೆಯಲ್ಲ ಎಂದಳು. ಯಾರು ಮಾಡಿದ್ದು ಎಂದರೆ, ಫೈಲಿನಲ್ಲಿರುವ ನಂಬರಿನಿಂದಲೇ. ಮುಂದಿನ ದಿನ ಸಿಗುವುದು ಜೂನ್ ಕೊನೆಗೆ. ರಿಪೋರ್ಟಿಗೆ ಉಳಿದಿದ್ದದ್ದು ಐದೇ ದಿನ. ಎಲ್ಲ ಪರೀಕ್ಷೆಯೂ ಮತ್ತೆ ಮೊದಲಿನಿಂದ.

ಲತಾಮಣಿ ಅಲ್ಲೇ ಗೋಡೆಗೆ ಒರಗಿ ಆ ನಂಬರಿಗೆ ಫೋನ್ ಮಾಡಿದಳು.

ಸಿದ್ಧಾರ್ಥ ಪೂರ್ತಿ ಕೇಳಿಸಿಕೊಂಡ. ಫೋನಿನಲ್ಲಿ ಹಿಂದಿನ ದಿನದ ಕರೆಗಳ ಪಟ್ಟಿ ನೋಡಿದ. ತಾನು ಬಚ್ಚಲಲ್ಲಿದ್ದ ಹೊತ್ತಿನದು, ಮೂವತ್ತೆರಡು ಸೆಕೆಂಡಿನ ಒಂದು ಕರೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡಿದ. ಎಲ್ಲ ಅರ್ಥವಾಯಿತು.

"ನನ್ನ ಕಡೆಯಿಂದಲೇ ಆಗಿರೋದು," ಎಂದ. "ತಪ್ಪು ನಂದೇ."

ಅಮ್ಮನ ಹೆಸರು ಹೇಳಲಿಲ್ಲ. ಹೇಳಬಹುದಿತ್ತು, ಹೇಳಲಿಲ್ಲ.

"ನಾಳೆ ಹೆಣ್ಣಿನ ಕಡೆಯವರು ಬರ್ತಾರೆ, ಅಷ್ಟರಲ್ಲಿ ಇದನ್ನ ಕಳ್ಕೋಬೇಕು ಅನ್ನಿಸ್ತಾ ನಿಮಗೆ?" ಲತಾಮಣಿ ಸಿಡಿದಳು. "ಕಾಟ ಆಗಿದ್ರೆ ಬಾಯಿಬಿಟ್ಟು ಹೇಳಬಹುದಿತ್ತಲ್ವಾ? ನನ್ನ ಮಗು ಬೆಳಗ್ಗೆಯಿಂದ ನೀರೂ ಕುಡಿದಿಲ್ಲ. ಅವಳಿಗೆ ನಾನು ಏನಂತ ಹೇಳಲಿ?"

ಉತ್ತರಕ್ಕೆ ಕಾಯಲಿಲ್ಲ. ಫೋನ್ ಇಟ್ಟು, ಆ ನಂಬರನ್ನು ಬ್ಲಾಕ್ ಮಾಡಿದಳು. ಮನೆಗೆ ಬಂದರೆ ನೀಲಗಂಗಮ್ಮ, ನಾನು ಅವತ್ತೇ ಬಡಕೊಂಡೆ ಎಂದರು. ಆಮೇಲೆ ಅವಳ ಮುಖ ನೋಡಿ ಸುಮ್ಮನಾಗಿ, ಸಿರಿಗೆ ಬಿಸಿಬಿಸಿ ದೋಸೆ ಹಾಕಿಕೊಟ್ಟರು.

ಅತ್ತ ಚಿಕ್ಕಲಸಂದ್ರದಲ್ಲಿ ಸಿದ್ಧಾರ್ಥ ಅಮ್ಮನ ಮೇಲೆ ಕೂಗಾಡಲಿಲ್ಲ. ಎದುರಿಗೆ ಕೂತು ಮೊದಲಿನಿಂದ ಎಲ್ಲ ಹೇಳಿದ. ಆ ನಂಬರ್ ಯಾರದಾಗಿತ್ತು, ಆ ಮಗುವಿನ ತಂದೆ ಏನಾದ, ಜೂನ್ ಬಂದರೆ ಏನಾಗುತ್ತದೆ. ಅಣ್ಣಮ್ಮನೂ ಗಂಡ ಹನುಮಯ್ಯ ಹೋದ ಮೇಲೆ ಇದೇ ಸಿದ್ಧಾರ್ಥನನ್ನು ಸೊಂಟದ ಮೇಲೆ ಹೊತ್ತು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತವರು. ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟರು.

ಸಿದ್ಧಾರ್ಥ ಆಸ್ಪತ್ರೆಗೆ ಓಡುವಷ್ಟರಲ್ಲಿ ಲತಾಮಣಿ ಹೊರಟುಹೋಗಿದ್ದಳು. ಡೆಸ್ಕಿನ ಹತ್ತಿರ ಎರಡು ಗಂಟೆ ನಿಂತ. ಕೊನೆಗೆ ವಾರ್ಡಿನ ನರ್ಸ್ ಒಬ್ಬರು ಕರುಣೆಯಿಟ್ಟು ಒಂದು ದಾರಿ ಹೇಳಿದರು. ಆಪರೇಷನ್‌ಗೆ ಬರುವ ಮಕ್ಕಳಲ್ಲಿ ಯಾವುದಾದರೊಂದಕ್ಕೆ ನೆಗಡಿ, ಜ್ವರ ಇದ್ದೇ ಇರುತ್ತದೆ, ಅಂಥವರನ್ನು ವಾಪಸ್ ಕಳಿಸುತ್ತಾರೆ. ಮಂಗಳವಾರ ಬೆಳಿಗ್ಗೆ ಆರಕ್ಕೆ ಮಗುವನ್ನು ಖಾಲಿಹೊಟ್ಟೆಯಲ್ಲಿ ಕರೆತಂದು ಕಾಯುವುದಾದರೆ ಆ ಜಾಗ ಸಿಗಬಹುದು. ಗ್ಯಾರಂಟಿ ಇಲ್ಲ.

ಆದರೆ ಲತಾಮಣಿಗೆ ತಿಳಿಸುವುದು ಹೇಗೆ? ಫೋನ್ ಹೋಗುತ್ತಿಲ್ಲ. ಮನೆ ಗೊತ್ತಿಲ್ಲ. ಅಂಗಡಿ ಗೊತ್ತು, ಆದರೆ ಆಪರೇಷನ್ನಿಗೆಂದು ಶನಿವಾರ, ಭಾನುವಾರ ಅವಳು ರಜೆ ಹಾಕಿದ್ದಾಳೆ. ಅವನು ಹೆಣ್ಣಿನ ಕಡೆಯವರಿಗೆ ಫೋನ್ ಮಾಡಿ ಬರಬೇಡಿ ಎಂದ. ಅಣ್ಣಮ್ಮ ಯಾಕೆ ಎಂದು ಕೇಳಲಿಲ್ಲ. ಸೋಮವಾರ ಅವನು ಅಂಗಡಿಗೆ ಹೊರಟಾಗ ಮಾತ್ರ ಅಡ್ಡ ನಿಂತು, ಒತ್ತಿದ್ದು ನಾನು, ಹೋಗುವುದೂ ನಾನೇ ಎಂದು ಚಪ್ಪಲಿ ಮೆಟ್ಟಿದರು.

ಜಯನಗರದ ಆ ಸೀರೆ ಅಂಗಡಿಯಲ್ಲಿ ಕೆಲಸದವರ ಹತ್ತಿರ ಮಾತಾಡಬೇಕೆಂದರೆ ಒಂದೇ ದಾರಿ, ಗಿರಾಕಿಯಾಗಬೇಕು. ಅಣ್ಣಮ್ಮ ಬಿಳಿ ಬಟ್ಟೆ ಹಾಸಿದ ಮೆತ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಲತಾಮಣಿ ಎಂಬ ಹುಡುಗಿಯೇ ತೋರಿಸಬೇಕು ಎಂದು ಹಟ ಹಿಡಿದರು. ಕಣ್ಣು ಊದಿಸಿಕೊಂಡ ಲತಾಮಣಿ ಬಂದು ಎದುರಿಗೆ ಕೂತಳು.

"ಆ ಹಸಿರಂಚಿಂದು ತೋರ್ಸವ್ವ."

ಲತಾಮಣಿ ಬಿಚ್ಚಿ ಹಾಸಿದಳು.

"ಸೀರೆ ತಗಳಕ್ಕೆ ಬಂದಿಲ್ಲ ಕಣವ್ವ ನಾನು. ಸಿದ್ದಾರ್ಥನ ತಾಯಿ. ನೀನು ಬಿಚ್ಚುತಾ ಇರು, ನಿಮ್ಮ ಸೂಪರ್‌ವೈಸರ್ ನೋಡ್ತಾವ್ನೆ. ನಾನು ಮಾತಾಡ್ತಾ ಇರ್ತೀನಿ."

ಲತಾಮಣಿಯ ಕೈ ನಿಂತಿತು. ಸೂಪರ್‌ವೈಸರ್ ಇತ್ತ ತಿರುಗಿದ. ಅವಳು ಇನ್ನೊಂದು ಸೀರೆ ತೆಗೆದಳು.

"ಎರಡು ಒತ್ತಿದ್ದು ನಾನು. ನಿಮ್ಮ ಮಗಳು ಅಂತು ಫೋನು. ಯಾವಳೋ ನನ್ನ ಮಗನ ಕೊರಳಿಗೆ ಮಗು ಕಟ್ಟವ್ಳೆ ಅಂದ್ಕಂಡೆ. ಕೇಳಕ್ಕೂ ಹೋಗ್ಲಿಲ್ಲ, ಒತ್ತಿಬಿಟ್ಟೆ. ಅವ್ನು ನನ್ನ ಹೆಸರು ಹೇಳ್ಲಿಲ್ಲ, ಅಲ್ವಾ? ಹೇಳಲ್ಲ ಅವ್ನು." ಅಣ್ಣಮ್ಮನ ಕಣ್ಣಿಂದ ನೀರು ಇಳಿಯಿತು. "ನಾನೂ ಗಂಡ ಇಲ್ದೆ ಮಗು ಸಾಕ್ದೋಳು. ಇನ್ನೊಬ್ಬ ತಾಯಿ ಹೊಟ್ಟೆ ಉರಿಸ್ಬಿಟ್ಟೆ. ನನ್ನ ಕ್ಷಮಿಸ್ಬೇಡ, ಬೈಯಿ. ಆದ್ರೆ ನಾಳೆ ಬೆಳಗ್ಗೆ ಆರಕ್ಕೆ ಮಗೀನ ಕರ್ಕಂಡು ಬಾ."

ನರ್ಸ್ ಹೇಳಿದ್ದನ್ನೆಲ್ಲ ಅವರು ಒಂದಕ್ಷರ ಬಿಡದೆ ಒಪ್ಪಿಸಿದರು. ಲತಾಮಣಿ ಬಿಚ್ಚಿದ ಸೀರೆಗಳು ಹನ್ನೊಂದಾಗಿದ್ದವು. ಒಂದರ ಮೇಲೂ ಅವಳ ಕಣ್ಣು ನಿಲ್ಲುತ್ತಿರಲಿಲ್ಲ, ಎಲ್ಲ ಮಂಜು ಮಂಜು.

'ತಪ್ಪು ನಂದೇ ಅಂದ್ರಲ್ಲ... ಒಂದು ಮಾತಾದರೂ ಕೇಳಬೇಕಿತ್ತು ನಾನು. ಅಷ್ಟು ದಿನ ನನ್ನ ಮಗುಗೋಸ್ಕರ ಕೂತಿದ್ದವರನ್ನ ಒಂದೇ ನಿಮಿಷದಲ್ಲಿ ಕಿತ್ತು ಹಾಕಿದ್ನಲ್ಲ...'

ಅವಳು ಅಣ್ಣಮ್ಮನ ಕೈಮೇಲೆ ಕೈಯಿಟ್ಟಳು. ಬೈಯಲಿಲ್ಲ. ಒಂದೂ ಒಪ್ಪಿಗೆಯಾಗಲಿಲ್ಲ ಎಂದು ಸೂಪರ್‌ವೈಸರ್‌ಗೆ ಕೇಳುವ ಹಾಗೆ ಹೇಳಿ ಅಣ್ಣಮ್ಮ ಎದ್ದು ಹೋದರು.

ಮಂಗಳವಾರ ಬೆಳಿಗ್ಗೆ ಆರು ಗಂಟೆ. ಲತಾಮಣಿಯ ತೊಡೆಯ ಮೇಲೆ ಮತ್ತೆ ಹಸಿದ ಸಿರಿ. ಆವತ್ತು ಆಪರೇಷನ್‌ಗೆ ನಾಲ್ಕು ಮಕ್ಕಳು. ಇನ್ನೊಬ್ಬರ ಮಗುವಿಗೆ ನೆಗಡಿಯಾಗಲಿ ಎಂದು ಬೇಡಿಕೊಳ್ಳುವುದು ಯಾವ ತಾಯಿಗೆ ಸಾಧ್ಯ? ಅವಳು ಬೇಡಿಕೊಳ್ಳಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿ ಕೂತಳು. ಎಂಟಾಯಿತು. ಮೊದಲನೆಯ ಮಗು ಒಳಗೆ ಹೋಯಿತು. ಎರಡನೆಯದೂ ಹೋಯಿತು. ಸಿರಿ ಹಾಲು ಕೇಳುವುದನ್ನೂ ಬಿಟ್ಟು ಬಾಗಿಲನ್ನೇ ನೋಡುತ್ತಿದ್ದಳು.

ಒಂಬತ್ತೂಕಾಲಿಗೆ ನರ್ಸ್ ಹೊರಗೆ ಬಂದರು. ನಾಲ್ಕನೆಯ ಮಗುವಿಗೆ ಜ್ವರವಂತೆ. ಸಿರಿಯನ್ನು ಕರೆತನ್ನಿ, ಬೇಗ ಅಡ್ಮಿಷನ್ ಮಾಡಿಸಿ ಎಂದರು.

ಅಡ್ಮಿಷನ್‌ಗೆ ಏನು ಬೇಕು? ಓಟಿಪಿ!

ಲತಾಮಣಿ ಫೋನ್ ತೆಗೆದು ಆ ನಂಬರಿನ ಬ್ಲಾಕ್ ತೆಗೆಯಲು ತಡಕಾಡುತ್ತಿದ್ದಳು. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ನಾಲ್ಕು ಅಂಕಿ ಓದಿದರು. ಅವಳು ತಿರುಗಿದಳು. ಬೆಳಿಗ್ಗೆ ಐದೂವರೆಯಿಂದ ಗೇಟಿನ ಹೊರಗೆ ಬೈಕಿನ ಮೇಲೆ ಕೂತಿದ್ದನಂತೆ ಸಿದ್ಧಾರ್ಥ. ತನ್ನ ಮುಖ ನೋಡಿದರೆ ಅವಳಿಗೆ ಬೇಸರವಾಗಬಹುದೆಂದು ಒಳಗೆ ಬಂದಿರಲಿಲ್ಲ, ಓಟಿಪಿ ಕಂಡೊಡನೆ ಓಡಿಬಂದಿದ್ದ.

"ಮೊದಲು ಸಿರಿನ ಕರ್ಕೊಂಡು ಹೋಗಿ," ಎಂದ. "ನಾನು ಇಲ್ಲೇ ಇರ್ತೀನಿ."

ಇಪ್ಪತ್ತಮೂರು ನಿಮಿಷ. ಆಪರೇಷನ್ ಕೋಣೆಯ ಮುಂದಿನ ಬೆಂಚಿನಲ್ಲಿ ಇಬ್ಬರೂ ಕೂತರು, ನಡುವೆ ಸಿರಿಯ ಚಪ್ಪಲಿ. ಬಾಗಿಲು ತೆರೆದು ಡಾಕ್ಟರು, ಎಲ್ಲ ಚೆನ್ನಾಗಾಯಿತು ಎಂದಾಗ ಲತಾಮಣಿ ಸಿರಿಯ ಚಪ್ಪಲಿಯನ್ನು ಎದೆಗೊತ್ತಿಕೊಂಡು ಕೂತಲ್ಲೇ ಉಳಿದಳು. ಅವನು ಮೊಣಕೈ ಹಿಡಿದು ಎಬ್ಬಿಸಿದ.

ಎಚ್ಚರವಾದ ಸಿರಿ ಅರ್ಧ ಗಂಟೆ ರಂಪ ಮಾಡಿದಳು. ಕೈಯಲ್ಲಿ ಚುಚ್ಚಿದ ಸೂಜಿ ಬೇಡ, ಈ ಹಾಸಿಗೆ ಬೇಡ, ಯಾರೂ ಬೇಡ. ಲತಾಮಣಿ ಬಗ್ಗಿ, ಒಂದು ವರ್ಷದಿಂದ ಅಭ್ಯಾಸವಾಗಿದ್ದ ದೊಡ್ಡ ದನಿಯಲ್ಲಿ, ಆಯ್ತು ಚಿನ್ನಾ, ಆಯ್ತು, ಮನೆಗೆ ಹೋಗೋಣ ಎಂದಳು.

ಸಿರಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಅಮ್ಮ, ಯಾಕೆ ಕಿರುಚ್ತೀಯಾ?"

ಲತಾಮಣಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬಂತು, ಅಳು ಬಂತು, ಯಾವುದು ಮೊದಲು ಬಂತೆಂದು ಅವಳಿಗೇ ತಿಳಿಯಲಿಲ್ಲ. ಸಿದ್ಧಾರ್ಥ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಅಣ್ಣಮ್ಮ ಇದ್ದಿದ್ದರೆ ಆಸ್ಪತ್ರೆಯೇ ಹಾರಿಹೋಗುವ ಹಾಗೆ ಅತ್ತಿರುತ್ತಿದ್ದರು!

ಮಧ್ಯಾಹ್ನ ಡಿಸ್ಚಾರ್ಜ್ ಕಾಗದ ಬಂತು. ಅದರ ಜೊತೆಗೆ ಇನ್ನೊಂದು ಸುದ್ದಿ. ನಂಬರ್ ಬದಲಾಯಿಸುವ ಅರ್ಜಿ ಕೊನೆಗೂ ಪಾಸಾಗಿದೆಯಂತೆ, ಇನ್ನು ಎಲ್ಲ ಮೆಸೇಜೂ ನೇರವಾಗಿ ಲತಾಮಣಿಗೇ ಬರುತ್ತದಂತೆ. ಮೂರು ತಿಂಗಳು ಯಾವುದಕ್ಕಾಗಿ ಅಲೆದಿದ್ದಳೋ ಅದು ಕೈಗೆ ಸಿಕ್ಕಿತ್ತು, ಆದರೆ ಅವಳಿಗೆ ಖುಷಿಯಾಗಲಿಲ್ಲ.

ಸಿರಿ ಕಣ್ಣು ಮುಚ್ಚಿ ಮಲಗಿದ್ದಳು. ಸಿದ್ಧಾರ್ಥ ಹೆಲ್ಮೆಟ್ ಕೈಗೆ ತೆಗೆದುಕೊಂಡ.

"ಇನ್ನು ಆಸ್ಪತ್ರೆಯವರಿಗೂ ನಾನು ಬೇಡ," ಎಂದು ನಗಲು ನೋಡಿದ. ನಗು ಬರಲಿಲ್ಲ. "ಒಂದು ಮಾತು ಹೇಳಿ ಹೋಗ್ತೀನಿ. ಭಾನುವಾರ ಅವರನ್ನ ಬರಬೇಡಿ ಅಂದೆ. ಮಗುಗೋಸ್ಕರ ಓಡಾಡಿದ್ದು ನಿಜ. ಆದ್ರೆ ಬೆಳಗ್ಗೆ ಎದ್ದು ಫೋನ್ ನೋಡ್ತಿದ್ದದ್ದು ನಿಮಗೋಸ್ಕರ. ಅವರ ಜಾಗ ಕೇಳ್ತಿಲ್ಲ ನಾನು. ಅವರು ಅಲ್ಲೇ ಇರಲಿ. ನನಗೆ ಪಕ್ಕದಲ್ಲಿ ಸ್ವಲ್ಪ ಜಾಗ ಇದ್ರೆ ಸಾಕು."

ಲತಾಮಣಿ ತಲೆ ತಗ್ಗಿಸಿದಳು. ಮಗಳು ಏಳದಿರಲಿ ಎಂದೋ, ನಾಚಿಕೆಗೋ, ಎರಡು ವರ್ಷದಿಂದ ಬೀಗ ಹಾಕಿಟ್ಟ ಮಾತು ಎಂದೋ... ಹೇಳಿದ್ದು ಅವಳ ಕಿವಿಗೇ ಕೇಳಿಸಿತೋ ಇಲ್ಲವೋ, ಅಷ್ಟು ಮೆಲ್ಲಗೆ ಏನೋ ಹೇಳಿದಳು.

ಸಿದ್ಧಾರ್ಥ ಹತ್ತಿರ ಬಗ್ಗಿದ. "ಏನಂದ್ರಿ? ಕೇಳಿಸ್ಲಿಲ್ಲ."

ಅವಳು ಸಿರಿಯ ಹೊದಿಕೆ ಸರಿಮಾಡತೊಡಗಿದಳು. ಕಿವಿಯವರೆಗೂ ಕೆಂಪಾಗಿದ್ದಳು.

"ನಂಗೆ ಕೇಳಿಸ್ತು," ಎಂದಿತು ಹಾಸಿಗೆಯಿಂದ ಪುಟ್ಟ ದನಿ.

ಇಬ್ಬರೂ ಬೆಚ್ಚಿ ತಿರುಗಿದರು. ಸಿರಿ ಒಂದು ಕಣ್ಣು ಮಾತ್ರ ತೆರೆದಿದ್ದಳು.

ಸಿದ್ಧಾರ್ಥ ಹೆಲ್ಮೆಟ್ ಕೆಳಗಿಟ್ಟು ಹಾಸಿಗೆಯ ಪಕ್ಕ ಮಂಡಿಯೂರಿದ.

"ಏನಂದ್ರು ನಿಮ್ಮಮ್ಮ, ಪುಟ್ಟಾ?"

ಸಿರಿ ಒಮ್ಮೆ ಅಮ್ಮನನ್ನು ನೋಡಿದಳು. ಅಮ್ಮ ಬೇಡ ಎನ್ನಲಿಲ್ಲ.

"ನೀವು ಹೋಗ್ಬೇಡಿ ಅಂದ್ಲು. ನೀವಿಲ್ದೆ ಆಗಲ್ಲ ಅಂದ್ಲು."